ಮೊದಲು ಮಕ್ಕಳ ಸೀಟು, ಆಮೇಲೆ ಎಂಜಿನ್

ಕಾಫಿಗೆ ಒಳ್ಳೆ ರೇಟು ಬಂದ ಮೇಲೆ ನಮ್ಮ ಕೊಡಗಿನಲ್ಲಿ ಹೊಸ ಕಾರಿನ ಮಾತು ಜೋರಾಗಿದೆ. ಮದುವೆ ಮನೆಗೆ ಹೋದರೂ ಅದೇ, ಗೋಣಿಕೊಪ್ಪ ಸಂತೆಯಲ್ಲಿ ಸಿಕ್ಕವರದ್ದೂ ಅದೇ. ನನ್ನ ವಾರಗೆಯವರಲ್ಲಿ ಬಹಳಷ್ಟು ಜನರ ಮನೆಯಲ್ಲಿ ಈಗ ಚಿಕ್ಕ ಮಕ್ಕಳಿದ್ದಾರೆ. ಅವರಿಗೆಲ್ಲ ಹಿರಿಯರು ಹೇಳುವ ಮಾತು ಒಂದೇ: "ಮಕ್ಕಳಾಯ್ತಲ್ಲ, ಇನ್ನು ಆ ಸ್ಪೀಡ್ ಕಾರಿನ ಆಸೆ ಬಿಡು, ಒಂದು ದೊಡ್ಡ ಎಸ್‌ಯುವಿ ತಗೋ." ನಾನಿದನ್ನು ಒಪ್ಪುವುದಿಲ್ಲ. ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ತಂದು "ಹಿಂದೆ ಮಕ್ಕಳು ಹೇಗೋ ಕೂರ್ತಾರೆ ಬಿಡಿ" ಅನ್ನುವುದನ್ನೂ ಒಪ್ಪುವುದಿಲ್ಲ.

ನಮ್ಮದು ರೈಲೇ ಇಲ್ಲದ ಜಿಲ್ಲೆ. ಆಸ್ಪತ್ರೆ, ಶಾಲೆ, ನೆಂಟರ ಮನೆ, ಎಲ್ಲದಕ್ಕೂ ರಸ್ತೆಯೇ ಗತಿ. ಆ ರಸ್ತೆಗಳಾದರೂ ಎಂಥವು! ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿ, ವಿರಾಜಪೇಟೆಯಿಂದ ಮಾಕುಟ್ಟದ ಕಾಡು ಸೀಳಿಕೊಂಡು ಕೇರಳಕ್ಕೆ ಇಳಿಯುವ ದಾರಿ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳು ನಮ್ಮ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲಿ ನಡೆದಿವೆ. ಗದ್ದೆ ಕೊಯ್ಲು ಮುಗಿದರೆ ಅಲ್ಲೇ ಆಟೋಕ್ರಾಸ್, ಅಂದರೆ ಮಣ್ಣಿನ ಮೇಲಿನ ಕಾರು ಓಟದ ಸ್ಪರ್ಧೆ, ಏಳುತ್ತದೆ. ಚೆನ್ನಾಗಿ ಓಡಿಸುವುದನ್ನು ಇಲ್ಲಿ ಗಂಡು ಹೆಣ್ಣು ಭೇದವಿಲ್ಲದೆ ಎಲ್ಲರೂ ಮೆಚ್ಚುತ್ತಾರೆ. ಇಂಥ ಊರಲ್ಲಿ ಹುಟ್ಟಿದವರಿಗೆ ಮಗುವಾದ ತಕ್ಷಣ ಆ ಸುಖ ಬಿಟ್ಟುಬಿಡು ಅನ್ನುವುದು ಸರಿಯಲ್ಲ. ಬಿಡಬೇಕಾಗಿಯೂ ಇಲ್ಲ.

ಆದರೆ ಕಾರು ನೋಡಲು ಹೋಗುವಾಗ ಎಂಜಿನ್ನಿನ ಸುದ್ದಿ ಬದಿಗಿಡಿ. ಮಗುವಿನ ಸೀಟನ್ನು ಮೊದಲು ಕೊಂಡು, ಅದನ್ನು ಹೊತ್ತುಕೊಂಡು ಶೋರೂಮಿಗೆ ಹೋಗಿ. ನಾವು ಹಾಗೇ ಮಾಡಿದ್ದು. ನಮ್ಮ ಮಗಳಿಗೆ ಐದು ವರ್ಷ, ಮಗನಿಗೆ ಇನ್ನೂ ವರ್ಷ ತುಂಬಿಲ್ಲ. ಅವನ ಸೀಟು ಹಿಂದಕ್ಕೆ ಮುಖ ಮಾಡಿ ಕೂರುವಂಥದ್ದು. ಎಳೆಗೂಸಿನ ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು, ಭಾರ. ಕತ್ತಿನ ಮೂಳೆ ಇನ್ನೂ ಬಲಿತಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂರಿಸಿದ ಮಗುವಿನ ತಲೆ ಅಪಘಾತದಲ್ಲಿ ಮುಂದಕ್ಕೆ ಎಸೆದಂತೆ ಹೋಗುತ್ತದೆ, ಹೊಡೆತವೆಲ್ಲ ಕತ್ತಿಗೆ. ಹಿಂದಕ್ಕೆ ಮುಖ ಮಾಡಿದ್ದರೆ ಅದೇ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಮಕ್ಕಳ ಸೀಟುಗಳಿಗೆ ಇರುವ ಯುರೋಪಿನ ಆರ್129 ನಿಯಮ ಕನಿಷ್ಠ 15 ತಿಂಗಳವರೆಗೆ ಹೀಗೇ ಕೂರಿಸಬೇಕು ಅನ್ನುತ್ತದೆ. ಅದಕ್ಕಿಂತ ಎಷ್ಟು ಹೆಚ್ಚು ಕಾಲ ಹಾಗೆ ಕೂರಿಸಿದರೂ ಒಳ್ಳೆಯದೇ.

ನಮ್ಮ ಕಡೆ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುವುದು ಈಗಲೂ ಮಾಮೂಲು. ದಯವಿಟ್ಟು ಬೇಡ. ಡಿಕ್ಕಿಯಾದ ಕ್ಷಣದಲ್ಲಿ ಎಂಥ ಗಟ್ಟಿ ತೋಳಿಗೂ ಆ ಮಗುವನ್ನು ಹಿಡಿದಿಡಲು ಆಗುವುದಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು, ಇಲ್ಲದಿದ್ದರೆ 1,000 ರೂಪಾಯಿ ದಂಡ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿಗೆ ಹಿಂದಕ್ಕೆ ಮುಖದ ಸೀಟು ಕಟ್ಟುವುದಂತೂ ಪ್ರಾಣಕ್ಕೇ ಅಪಾಯ. ಏರ್‌ಬ್ಯಾಗ್ ನೇರವಾಗಿ ಮಗುವಿನ ತಲೆಯ ಹಿಂಬದಿಗೇ ಬಡಿಯುತ್ತದೆ.

ಈಗ ಕಾರಿಗೆ ಬರೋಣ. ಈ ಸೀಟನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಿದರೆ ಅರ್ಧ ಪಟ್ಟಿ ತಾನಾಗಿಯೇ ಖಾಲಿಯಾಗುತ್ತದೆ. ಪೋರ್ಷೆ 911ರಲ್ಲಿ ಹಿಂದೆ ಎರಡು ಪುಟ್ಟ ಸೀಟುಗಳಿವೆ, ಸ್ವಲ್ಪ ದೊಡ್ಡ ಮಕ್ಕಳನ್ನು ಕೂರಿಸಬಹುದು. ಆದರೆ ಅದರ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, 2,450 ಮಿ.ಮೀ. ಅಷ್ಟೇ, ಎಂಜಿನ್ ಬೇರೆ ಹಿಂದೆ. ಹಿಂದಕ್ಕೆ ಮುಖದ ಸೀಟು ಹಾಕಿದರೆ ಮುಂದೆ ಕೂತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ಹಾಗೆಂದು ವೀಲ್‌ಬೇಸ್ ಉದ್ದವಿದ್ದರೆ ಸಾಕು ಎಂದೂ ಅಲ್ಲ. ಫೋರ್ಡ್ ಮಸ್ಟಾಂಗಿನದು 2,720 ಮಿ.ಮೀ., ನಾನು ಓಡಿಸುವ ಫೋಕ್ಸ್‌ವ್ಯಾಗನ್ ವರ್ಟಸ್ ಸೆಡಾನಿನದು 2,651. ಆದರೂ ಮಸ್ಟಾಂಗಿನ ಹಿಂದಿನ ಸೀಟು ಇಕ್ಕಟ್ಟು, ಉದ್ದವನ್ನೆಲ್ಲ ಬಾನೆಟ್ಟೇ ನುಂಗಿದೆ.

ಮಸ್ಟಾಂಗಿನ ಕಥೆ ಇನ್ನೂ ಸ್ವಲ್ಪ ಹೇಳಬೇಕು. ಅದು 2016ರಲ್ಲಿ ಭಾರತಕ್ಕೆ ಬಂದಾಗ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ್ದೆವು. 2017ರ ಜನವರಿಯಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಯುರೋ ಎನ್‌ಕ್ಯಾಪ್ ಸಂಸ್ಥೆ ಅದನ್ನು ಗುದ್ದಿಸಿ ನೋಡಿ ಎರಡೇ ಸ್ಟಾರ್ ಕೊಟ್ಟಿತು. ಮಕ್ಕಳ ಸುರಕ್ಷತೆಗೆ ಬಂದ ಅಂಕ ಶೇಕಡ 32. ಹಿಂದಿನ ಬೆಲ್ಟುಗಳಿಗೆ ಡಿಕ್ಕಿಯ ಹೊತ್ತಿಗೆ ಬಿಗಿದು ಹಿಡಿಯುವ ಪ್ರಿಟೆನ್ಷನರ್ ಇರಲಿಲ್ಲ. ಅದೇ ವರ್ಷ ಸುಧಾರಿಸಿದ ಮಾದರಿಗೆ ಮೂರು ಸ್ಟಾರ್ ಸಿಕ್ಕಿತು, ನಿಜ. ಹಿಂದಿನ ಸೀಟು ಕಣ್ಣಿಗೆ ಕಾಣುತ್ತದೆ ಅಂದ ಮಾತ್ರಕ್ಕೆ ಅದನ್ನು ಮಕ್ಕಳಿಗಾಗಿ ಮಾಡಿದ್ದಾರೆ ಎಂದು ನಂಬಬಾರದು ಅನ್ನುವುದಕ್ಕೆ ಇಷ್ಟು ಸಾಕ್ಷಿ ಸಾಲದೇ?

ಇನ್ನು ನಮ್ಮ ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಭಾಗಮಂಡಲ, ನಾಪೋಕ್ಲು ಕಡೆ ಹೇಗೆ ಸುರಿಯುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಆ ಮಳೆಯಲ್ಲಿ ಎರಡು ಬಾಗಿಲಿನ ಕಾರಿನ ಮುಂದಿನ ಸೀಟು ಮಡಚಿ, ಅರ್ಧ ಮೈ ಹೊರಗೆ ಬಿಟ್ಟು, ಅಳುವ ಮಗುವಿನ ಎರಡೂ ಕೈಗಳನ್ನು ಬೆಲ್ಟಿನೊಳಗೆ ತೂರಿಸಬೇಕು. ಹೀಗೆ ಒದ್ದೆಯಾಗುವವರು ಒಂದೆರಡು ವಾರದಲ್ಲೇ "ಇವತ್ತು ಹತ್ತಿರ ತಾನೇ, ಹಾಗೇ ಕೂರಿಸು" ಅಂದುಬಿಡುತ್ತಾರೆ. ನನಗೆ ಭಯ ಇರುವುದೇ ಅಲ್ಲಿ. ಸೀಟು ಕಟ್ಟುವುದು ಸುಲಭವಿದ್ದರೆ ಮಾತ್ರ ಅದು ದಿನಾ ನಡೆಯುತ್ತದೆ. ನಾಲ್ಕು ಬಾಗಿಲು ಬೇಕೇ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಾಗಾದರೆ ಎಸ್‌ಯುವಿ ಯಾಕೆ ಬೇಡ? ತೋಟದ ಒಳಗೆ ಗೊಬ್ಬರ ಸಾಗಿಸುವುದಕ್ಕೆ, ಕೆಸರಿನ ಏರು ಹತ್ತುವುದಕ್ಕೆ ಜೀಪೇ ಬೇಕು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ನಾನು ಹೇಳುತ್ತಿರುವುದು ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವ ಕಾರಿನ ವಿಷಯ. ಹೆಂಡತಿಯ ತವರು ಸುಳ್ಯ, ಹಾಗಾಗಿ ಸಂಪಾಜೆ ಘಾಟಿ ನಮಗೆ ಮನೆ ಅಂಗಳದ ಹಾಗೆ. ಘಾಟಿಯಲ್ಲಿ ಮಕ್ಕಳು ವಾಂತಿ ಮಾಡುವುದು ಕೊಡಗಿನ ಪ್ರತಿ ಮನೆಯ ಪಾಡು. ಒಳಕಿವಿ ದೇಹ ತೂಗುತ್ತಿದೆ ಅನ್ನುತ್ತದೆ, ಸೀಟಿನ ಬೆನ್ನನ್ನಷ್ಟೇ ನೋಡುತ್ತಿರುವ ಕಣ್ಣು ಇಲ್ಲ ಅನ್ನುತ್ತದೆ. ಈ ಜಗಳ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದವರಿಗೆ ಇದು ಹೆಚ್ಚು. ಎತ್ತರದ ಗಾಡಿ ಪ್ರತಿ ತಿರುವಿನಲ್ಲೂ ಹೆಚ್ಚು ವಾಲುತ್ತದೆ, ಒಳಗಿರುವ ಮಗು ಅದರ ಜೊತೆ ವಾಲುತ್ತದೆ. ತಗ್ಗಿನ, ಬಿಗಿಯಾದ ಸಸ್ಪೆನ್ಷನ್ನಿನ ಕಾರು ಅಷ್ಟು ವಾಲುವುದಿಲ್ಲ. ನಮ್ಮ ಮಗಳ ಬೂಸ್ಟರ್ ಸೀಟು ಅವಳನ್ನು ಕಿಟಕಿಯ ಎತ್ತರಕ್ಕೆ ಏರಿಸಿದೆ, ದೂರದ ಗುಡ್ಡ ಕಾಣುತ್ತದೆ, ಅವಳು ಹಾಡುತ್ತಾ ಇಳಿಯುತ್ತಾಳೆ. ಕಿರಿದಾದ ಹಿಂಗಿಟಕಿಯ ಎರಡು ಬಾಗಿಲಿನ ಕೂಪೆ ಕಾರಿನಲ್ಲಿ ಈ ಸುಖ ಸಿಗುವುದಿಲ್ಲ.

ಕಾರು ಎಷ್ಟೇ ಒಳ್ಳೆಯದಿದ್ದರೂ ಉಳಿದದ್ದು ಓಡಿಸುವವರ ಕೈಯಲ್ಲಿ. ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ, ಸ್ಟೀರಿಂಗನ್ನು ಒಂದೇ ಸಲ ನಯವಾಗಿ ತಿರುಗಿಸಿ, ನೇರವಾಗುತ್ತಾ ಹೋದಂತೆ ನಿಧಾನಕ್ಕೆ ಆಕ್ಸಿಲರೇಟರ್ ಒತ್ತುವುದು. ರ‍್ಯಾಲಿಯವರು ಕಲಿಸುವ ಪಾಠವೂ ಇದೇ, ಹಿಂದೆ ಮಲಗಿರುವ ಮಗುವಿಗೆ ಬೇಕಾದದ್ದೂ ಇದೇ. ಮಕ್ಕಳಾದ ಮೇಲೆ ನನ್ನ ಡ್ರೈವಿಂಗ್ ಸುಖ ಹೆಚ್ಚಾಗಿದೆ, ನಿಜವಾಗಿ ಹೇಳುತ್ತಿದ್ದೇನೆ. ತಿತಿಮತಿ ದಾರಿಯಲ್ಲಿ, ಸಿದ್ದಾಪುರದ ತೋಟಗಳ ನಡುವೆ, ಯಾವ ತಿರುವಿನಾಚೆ ಆನೆ ನಿಂತಿರುತ್ತದೋ ಗೊತ್ತಿಲ್ಲ. ಅಲ್ಲಿ ಕಾಯುವುದು ಒಳ್ಳೆ ಬ್ರೇಕು, ಒಳ್ಳೆ ಟೈರು. ಹಾರ್ಸ್‌ಪವರ್ ಲೆಕ್ಕಕ್ಕೇ ಬರುವುದಿಲ್ಲ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಕೈ ಬಿಚ್ಚಿ ಖರ್ಚು ಮಾಡಬಲ್ಲವರಿಗೆ ಬಿಎಂಡಬ್ಲ್ಯು ಎಂ340ಐ ಇದೆ. ಆರು ಸಿಲಿಂಡರ್, 374 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಶಕ್ತಿ, ನಾಲ್ಕು ಬಾಗಿಲು, ಚೆನ್ನೈನಲ್ಲೇ ಜೋಡಣೆ. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ 2025ರಲ್ಲಿ ಬಂದಾಗ 53 ಲಕ್ಷ ಇತ್ತು, 265 ಪಿಎಸ್ (ಪಿಎಸ್ ಅಂದರೆ ಹೆಚ್ಚುಕಡಿಮೆ ಹಾರ್ಸ್‌ಪವರ್ರೇ). ಅದೇ ವರ್ಷ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 265 ಪಿಎಸ್ ಜೊತೆ ಮರಳಿತು, ತಂದದ್ದು ಬರೀ 100 ಕಾರು. ಮಕ್ಕಳಿರುವ ಸ್ಪೋರ್ಟ್ಸ್ ಪ್ರಿಯರಿಗೆ ನನ್ನ ಮನಸ್ಸಿನ ಮೊದಲ ಕಾರು ಅದು: 600 ಲೀಟರಿನ ಡಿಕ್ಕಿಯಲ್ಲಿ ಪ್ರಾಮ್, ಡಯಾಪರ್ ಚೀಲ, ಅಜ್ಜಿ ಕೊಟ್ಟ ಹಲಸಿನ ಹಣ್ಣು ಎಲ್ಲ ಹಿಡಿಯುತ್ತದೆ. ಆದರೆ ತಗ್ಗಿನ ಸಸ್ಪೆನ್ಷನ್ನಿಗೆ, ತೆಳ್ಳನೆ ಅಂಚಿನ ಟೈರಿಗೆ ನಮ್ಮ ಮಳೆಗಾಲದ ಹೊಂಡಗಳು ಕಷ್ಟ. ಮನೆ ತಲುಪಲು ತೋಟದ ಕಲ್ಲುದಾರಿ ಇದ್ದರೆ ಯೋಚಿಸಿ.

ನಾವು ತಂದದ್ದು ವರ್ಟಸ್ ಜಿಟಿ. 1.5 ಲೀಟರಿನ ಟರ್ಬೊ ಎಂಜಿನ್, 150 ಪಿಎಸ್, ನೆಲದಿಂದ ಕಾರಿನ ತಳಕ್ಕೆ 179 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ದೊಡ್ಡವರಿಗೂ ಮಕ್ಕಳಿಗೂ ಐದೈದು ಸ್ಟಾರ್ ಕೊಟ್ಟಿತು. ಇದನ್ನು ಸ್ಪೋರ್ಟ್ಸ್ ಕಾರು ಅನ್ನಲು ಒಪ್ಪದವರು ಒಮ್ಮೆ ಸಂಪಾಜೆ ಘಾಟಿಯ ಜೋಡುಪಾಲದ ತಿರುವುಗಳಲ್ಲಿ ನನ್ನ ಜೊತೆ ಬರಲಿ. ಎರಡು ಮಕ್ಕಳ ಸೀಟಿನ ನಡುವೆ ದೊಡ್ಡವರು ಕೂರುವುದು ಮಾತ್ರ ಇದರಲ್ಲಿ ಆಗುವುದಿಲ್ಲ, ಅತ್ತೆ ಬಂದರೆ ಮುಂದಿನ ಸೀಟು ಅವರದ್ದು.

ಸೆಕೆಂಡ್‌ಹ್ಯಾಂಡ್ ನೋಡುವವರಿಗೂ ಒಂದು ಮಾತು. ಹಿಂದಿನ ಸೀಟಿನ ಸಂದಿಗೆ ಕೈ ಹಾಕಿ ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಕ್ಕೆ ಎರಡೂ ಇವೆಯೇ, ಬೆನ್ನಿನ ಹಿಂದೆ ಸೀಟಿನ ಮೇಲ್ಭಾಗದ ಪಟ್ಟಿ ಬಿಗಿಯುವ ಟಾಪ್ ಟೆದರ್ ಕೊಂಡಿ ಇದೆಯೇ ನೋಡಿ. ಸೀಟು ಹಾಕಿದ ಮೇಲೆ ಮುಂದೆ ಕೂರುವವರನ್ನು ಕೂರಿಸಿ ಮೊಣಕಾಲಿಗೆ ಎಷ್ಟು ಜಾಗ ಉಳಿಯಿತು ನೋಡಿ. ಮೂರ್ನಾಡು, ಮಡಿಕೇರಿ ಕಡೆಯ ಯಾರಿಗಾದರೂ ಕೊಳ್ಳುವ ಮೊದಲು ಹಿಂದಕ್ಕೆ ಮುಖದ ಸೀಟು ಹಾಕಿ ನೋಡಬೇಕು ಅನ್ನಿಸಿದರೆ ಮೆಸೇಜ್ ಮಾಡಿ, ನಮ್ಮದನ್ನೇ ಒಯ್ಯಿರಿ. ಭಾನುವಾರ ಬೆಳಗ್ಗೆ ಮನೆಯಲ್ಲೇ ಇರುತ್ತೇವೆ.