ಸ್ಪೋರ್ಟ್ಸ್ ಕಾರಿಗೆ ಸುರಿಯುವ ಹಣ: ಮಾರುವ ಬೆಲೆ ನೋಡಿಯೇ ಖರ್ಚು ಮಾಡಬೇಕೆ?

ಪರ: ಮುಂದಿನ ಗಿರಾಕಿಯ ಕಣ್ಣಿನಿಂದಲೂ ನೋಡಿ

ಹೊಸ ಪೋರ್ಷೆ 911 ಬುಕ್ ಮಾಡಲು ಕುಳಿತವರ ಮುಂದೆ ಹೆಚ್ಚುವರಿ ಸಲಕರಣೆಗಳ ಉದ್ದನೆಯ ಪಟ್ಟಿ ತೆರೆದುಕೊಳ್ಳುತ್ತದೆ. ಎ.ಸಿ. ಗಾಳಿ ಬರುವ ಕಿಂಡಿಯ ಪಟ್ಟಿಗಳಿಗೆ ಚರ್ಮ ಹೊದಿಸಬಹುದು, ಸೀಟ್ ಬೆಲ್ಟಿಗೆ ಬೇರೆ ಬಣ್ಣ ಹೇಳಬಹುದು, ಕೀಲಿಗೂ ಕಾರಿನದೇ ಬಣ್ಣ ಬಳಿಸಬಹುದು. ಒಂದೊಂದಕ್ಕೂ ಪ್ರತ್ಯೇಕ ಬೆಲೆ. ಕೆಲವು ವರ್ಷಗಳ ನಂತರ ಕಾರು ಮಾರಲು ನಿಂತಾಗ ಈ ಚರ್ಮಕ್ಕೂ ಬಣ್ಣಕ್ಕೂ ಯಾರೂ ಬಿಡಿಗಾಸು ಸೇರಿಸಿ ಕೊಡುವುದಿಲ್ಲ. ‘ಚೆನ್ನಾಗಿದೆ’ ಎಂದು ಹೇಳಿ ಮುಂದಿನ ಮಾತಿಗೆ ಹೋಗುತ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಲೆಕ್ಕ. ಅದೇ ಪಟ್ಟಿಯಲ್ಲಿರುವ ಸ್ಪೋರ್ಟ್ಸ್ ಸೈಲೆನ್ಸರ್, ಎಂಜಿನ್ ಮತ್ತು ಗೇರಿನ ಸ್ಪಂದನೆಯನ್ನು ಚುರುಕುಗೊಳಿಸುವ ಸ್ಪೋರ್ಟ್ ಕ್ರೋನೊ, ಮೈಯನ್ನು ಒತ್ತಿ ಹಿಡಿಯುವ ಹಗುರ ಸೀಟು, ಉಬ್ಬು ಬಂದಾಗ ಕಾರಿನ ಮೂತಿಯನ್ನು ಮೇಲೆತ್ತುವ ವ್ಯವಸ್ಥೆ, ಸಿಗುವ ಮಾದರಿಗಳಲ್ಲಿ ಮ್ಯಾನುಯಲ್ ಗೇರ್‌ಬಾಕ್ಸ್ ಇವುಗಳನ್ನು ಹಳೆಯ ಕಾರು ಹುಡುಕುವವರು ಹೆಸರು ಹಿಡಿದು ಕೇಳುತ್ತಾರೆ. ಎರಡೂ ಬಗೆಯ ಖರ್ಚು ನಮ್ಮ ಜೇಬಿನಿಂದಲೇ ಹೋಗುವುದಾದರೆ ಎರಡನೆಯದನ್ನು ಆರಿಸಿಕೊಳ್ಳುವುದರಲ್ಲಿ ನಾಚಿಕೆ ಏನಿದೆ?

ಹಳೆಯ 911 ನೋಡಲು ಬಂದ ಅನುಭವಸ್ಥ ಗಿರಾಕಿ ಏನು ಮಾಡುತ್ತಾನೆ ಎಂಬುದನ್ನು ಗಮನಿಸಿ. ಮೊದಲು ಮುಂದಿನ ಬಾನೆಟ್ ಎತ್ತುತ್ತಾನೆ. ಎಂಜಿನ್ ಹಿಂದಿರುವುದರಿಂದ ಅಲ್ಲಿರುವುದು ಸಾಮಾನು ಇಡುವ ಜಾಗ ಮಾತ್ರ. ಅವನು ಹುಡುಕುವುದು ಮುಚ್ಚಳದ ಒಳಮೈಗೆ ಅಂಟಿಸಿದ ಚೀಟಿಯನ್ನು. ಅದರಲ್ಲಿ ಮೂರು ಮೂರು ಅಂಕಿ-ಅಕ್ಷರಗಳ ಸಂಕೇತಗಳ ಸಾಲು. 450 ಎಂದಿದ್ದರೆ ಸೆರಾಮಿಕ್ ಬ್ರೇಕ್, ಎಕ್ಸ್‌ಎಲ್‌ಎಫ್ ಎಂದಿದ್ದರೆ ಕಾರ್ಖಾನೆಯಲ್ಲೇ ಕೂರಿಸಿದ ಸ್ಪೋರ್ಟ್ಸ್ ಸೈಲೆನ್ಸರ್. ಆಮೇಲೆ ಪೇಂಟಿನ ದಪ್ಪ ಅಳೆಯುವ ಪುಟ್ಟ ಯಂತ್ರವನ್ನು ಜೇಬಿನಿಂದ ತೆಗೆದು ಬಾಗಿಲಿಗೆ ಒತ್ತುತ್ತಾನೆ, ಪಕ್ಕದ ಫೆಂಡರಿಗೆ ಒತ್ತುತ್ತಾನೆ. ಒಂದು ಕಡೆ 120 ಮೈಕ್ರಾನ್, ಇನ್ನೊಂದು ಕಡೆ 350 ತೋರಿಸಿತೋ, ಟಿಂಕರಿಂಗ್ ಆಗಿದೆ ಎಂದು ಅವನಿಗೆ ಗೊತ್ತಾಯಿತು; ಚೌಕಾಸಿ ಅಲ್ಲಿಂದಲೇ ಶುರು. ಕೊನೆಗೆ ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ ಕಂಪ್ಯೂಟರಿನ ದಾಖಲೆ ಓದಿಸುತ್ತಾನೆ. ಎಂಜಿನ್ ಮಿತಿ ಮೀರಿ ತಿರುಗಿದ್ದು ಎಷ್ಟು ಸಲ ಎಂಬುದು ಆರು ಹಂತಗಳಲ್ಲಿ ಅಲ್ಲಿ ಬರೆದಿರುತ್ತದೆ. ಮೇಲಿನ ಹಂತಗಳಲ್ಲಿ ಸಂಖ್ಯೆ ಇದ್ದರೆ ಐದಕ್ಕೆ ಹೋಗಬೇಕಾದ ಗೇರ್ ಮೂರಕ್ಕೆ ಬಿದ್ದಿದೆ ಎಂದೇ ಅರ್ಥ.

ಇಷ್ಟೆಲ್ಲ ತಪಾಸಣೆಯ ಹಿಂದಿರುವುದು ಒಂದೇ ಪ್ರಶ್ನೆ: ಈ ಕಾರಿಗೆ ಯಾರು ಕೈ ಹಾಕಿದ್ದಾರೆ? ಕಾರ್ಖಾನೆಯ ಕೈ ಎಂದಾದರೆ ಅವನು ನಿರಾಳ. ಯಾವುದೋ ಗ್ಯಾರೇಜಿನಲ್ಲಿ ಹೆಚ್ಚು ಶಕ್ತಿಗಾಗಿ ಸಾಫ್ಟ್‌ವೇರ್ ಬದಲಿಸಿದ್ದಾರೆ, ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಿದ್ದಾರೆ ಎಂದಾದರೆ, ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅನುಮಾನ ಹೋಗುವುದಿಲ್ಲ. ನೀವು ಕೊಟ್ಟ ಹಣವನ್ನು ಅವನು ಬೆಲೆಗೆ ಸೇರಿಸುವ ಬದಲು ಕಳೆಯುತ್ತಾನೆ. ಪೋರ್ಷೆಯ ಪಾಲುದಾರಿಕೆ ಇರುವ ಮಾಂಥೈ ಎಂಬ ರೇಸಿಂಗ್ ಸಂಸ್ಥೆಯ ಕಿಟ್‌ಗಳಿಗೆ ಮಾರುಕಟ್ಟೆಯಲ್ಲಿ ಬೇರೆಯದೇ ಮರ್ಯಾದೆ ಸಿಗುವುದು ಇದೇ ಕಾರಣಕ್ಕೆ. ಕಾರಿನ ಹಿಂಬದಿಯ ರೆಕ್ಕೆ, ಷಾಕ್ ಅಬ್ಸಾರ್ಬರ್ ಬದಲಾದರೂ ಕೆಲಸ ಮಾಡಿದವರು ಯಾರು ಎಂಬುದು ಗೊತ್ತು.

ಹೊರಗಿನ ಕೈಯ ಕೆಲಸಕ್ಕೂ ಬೆಲೆ ಸಿಗುವ ಸಂದರ್ಭ ಒಂದಿದೆ, ಅದನ್ನು ಹೇಳದಿದ್ದರೆ ವಾದ ಪೂರ್ತಿಯಾಗುವುದಿಲ್ಲ. 1997ರಲ್ಲಿ ಬಂದ 996 ಮಾದರಿಯ ಸಾಮಾನ್ಯ 911ಗಳಲ್ಲಿ ಎಂಜಿನ್ನಿನೊಳಗೆ ಕ್ರ್ಯಾಂಕಿನ ತಿರುಗುವಿಕೆಯನ್ನು ಕ್ಯಾಮ್‌ಗಳ ಕಡೆಗೆ ದಾಟಿಸುವ ಇಂಟರ್‌ಮೀಡಿಯೆಟ್ ಶಾಫ್ಟಿನ ತುದಿಯ ಬೇರಿಂಗ್ ಒಂದು ಕುಖ್ಯಾತ ದೌರ್ಬಲ್ಯ. ಅದು ಪುಡಿಯಾದರೆ ಲೋಹದ ಚೂರು ಆಯಿಲ್‌ನೊಂದಿಗೆ ಎಂಜಿನ್ ತುಂಬ ಹರಡಿ ಎಂಜಿನ್ನೇ ಹೋಗುತ್ತದೆ. ಅದೇ ಕಾಲದ ಟರ್ಬೊ ಮತ್ತು ಟ್ರ್ಯಾಕ್ ಓಟಕ್ಕೆ ಹದಗೊಳಿಸಿದ ಜಿಟಿ3 ಮಾದರಿಗಳ ಎಂಜಿನ್ ಬೇರೆ, ಅವಕ್ಕೆ ಈ ಕಾಟವಿಲ್ಲ. ಬೇರಿಂಗ್ ತಲುಪಲು ಗೇರ್‌ಬಾಕ್ಸ್ ಇಳಿಸಲೇಬೇಕಾದ್ದರಿಂದ ಬಲ್ಲವರು ಕ್ಲಚ್ ಬದಲಿಸುವಾಗಲೇ ಗಟ್ಟಿಯಾದ ಬೇರಿಂಗ್ ಹಾಕಿಸಿಬಿಡುತ್ತಾರೆ. ಆ ಬಿಲ್ ಜೋಪಾನವಾಗಿಟ್ಟ ಮಾಲೀಕನ ಕಾರು ಬೇಗ ಮಾರಾಟವಾಗುತ್ತದೆ. ಕಾರ್ಖಾನೆಯ ತಪ್ಪನ್ನು ತಿದ್ದುವ ಕೆಲಸಕ್ಕೆ ಬೆಲೆಯಿದೆ. ಕಾರ್ಖಾನೆಗಿಂತ ನಾನು ಜಾಣ ಎಂದು ತೋರಿಸುವ ಕೆಲಸಕ್ಕೆ ಇಲ್ಲ.

ಇನ್ನು ಬಿಚ್ಚಿ ಮಾರಬಹುದಾದ ಭಾಗಗಳು. ಜಪಾನಿನ ರೇಯ್ಸ್ (Rays) ಎಂಬ ಕಂಪನಿಯ ಟಿಇ37 ವೀಲ್‌ಗಳು, ರೆಕಾರೊ ಸೀಟು, ಮಜ್ದಾ ಎಂಎಕ್ಸ್-5 ತೆರೆದ ಕಾರಿನ ಕಾರ್ಖಾನೆಯ ಗಟ್ಟಿ ಛಾವಣಿ ಇವಕ್ಕೆ ಕಾರಿನಿಂದ ಬೇರೆಯಾಗಿಯೂ ಗಿರಾಕಿಗಳಿದ್ದಾರೆ. ಹಾಕಿಸುವಾಗ ತೆಗೆದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಅಟ್ಟದ ಮೇಲೆ ಇಟ್ಟುಕೊಂಡರೆ ಸಾಕು. ಮಾರುವ ಹಿಂದಿನ ವಾರ ಕಾರನ್ನು ಇದ್ದ ಹಾಗೆ ಮಾಡಿ, ವೀಲ್‌ಗಳನ್ನು ಬೇರೆಯವರಿಗೆ ಕೊಡಬಹುದು.

ಮೂಲರೂಪದ ಬೆಲೆ ತಿಳಿಯಬೇಕಾದರೆ 1993ರಲ್ಲಿ ಬಂದ ಎ80 ಮಾದರಿಯ ಟೊಯೋಟಾ ಸುಪ್ರಾ ನೋಡಬೇಕು. ಎರಡು ಟರ್ಬೊ, ಆರು ಗೇರಿನ ಮ್ಯಾನುಯಲ್ ಬಾಕ್ಸ್, ಯಾರೂ ಕೈ ಹಾಕದ ಎಂಜಿನ್ ಇದ್ದ ಕಾರುಗಳು ಇಂದು ಸಂಗ್ರಾಹಕರ ಸ್ವತ್ತು. ಸಿಕ್ಕವರೆಲ್ಲ ಬಿಚ್ಚಿ ಕಟ್ಟಿದ ಕಾರು ಅದು. ಬಿಚ್ಚದೆ ಉಳಿದದ್ದು ಅಪರೂಪವಾಯಿತು.

ನಮ್ಮಲ್ಲಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಗುಡುಗುವ ಸೈಲೆನ್ಸರ್ ಹಾಕಿಸಿದ ಕಾರನ್ನು ಬೆಂಗಳೂರಿನಲ್ಲಿ ಮಾರಲು ಹೊರಟವನು ಬೆಲೆಯೊಂದನ್ನೇ ಕಳೆದುಕೊಳ್ಳುವುದಿಲ್ಲ. ಆರ್‌ಟಿಒ, ವಿಮೆ ಕಂಪನಿ, ಸಂಚಾರ ಪೊಲೀಸರು ಮೂವರಿಗೂ ಉತ್ತರ ಹೇಳುವ ಹೊಣೆಯನ್ನು ಗಿರಾಕಿಯ ತಲೆಗೆ ಕಟ್ಟುತ್ತಾನೆ. ಆ ಹೊಣೆ ಹೊರಲು ಬುದ್ಧಿ ಇರುವ ಯಾರೂ ಒಪ್ಪುವುದಿಲ್ಲ.

ವಿರೋಧ: ಯಾರೋ ಓಡಿಸಲಿರುವ ಕಾರಿಗೆ ನಾನೇಕೆ ದುಡ್ಡು ಕೊಡಲಿ?

ಮರುಮಾರಾಟದ ಲೆಕ್ಕ ಹಾಕುವವರ ಮಾತು ಕೇಳುವಾಗ ನನಗೆ ಮೊದಲು ನೆನಪಾಗುವುದು ಟಿಪ್‌ಟ್ರಾನಿಕ್ ಗೇರ್‌ಬಾಕ್ಸ್. 1990ರ ಸುಮಾರಿಗೆ 964 ಮಾದರಿಯ 911ಕ್ಕೆ ಪೋರ್ಷೆ ಈ ಆಟೊಮ್ಯಾಟಿಕ್ ಬಾಕ್ಸನ್ನು ಹೆಚ್ಚಿನ ಬೆಲೆಗೆ ಕೊಟ್ಟಿತು. ಹೊಸ ತಂತ್ರಜ್ಞಾನ, ಕ್ಲಚ್ ಒತ್ತುವ ಕಷ್ಟವಿಲ್ಲ, ಬೆಲೆ ಬೇರೆ ಜಾಸ್ತಿ. ಅಂದಿನ ಜಾಣ ಗಿರಾಕಿಗೆ ಇದಕ್ಕಿಂತ ಭದ್ರವಾದ ಆಯ್ಕೆ ಬೇರೆ ಕಂಡಿರಲಾರದು. ಇಂದು ಅದೇ ವರ್ಷದ, ಅದೇ ಬಣ್ಣದ ಎರಡು 964ಗಳು ಪಕ್ಕದಲ್ಲಿ ನಿಂತರೆ ಟಿಪ್‌ಟ್ರಾನಿಕ್ ಇರುವುದಕ್ಕೇ ಕಡಿಮೆ ಬೆಲೆ. ಹೆಚ್ಚು ಕೊಟ್ಟು ಕೊಂಡ ಭಾಗವೇ ಬೆಲೆ ಕಳೆಯಿತು. ಆ ಕಾಲದ ದುಬಾರಿ ಕಾರ್ ಫೋನು, ಡಿಕ್ಕಿಯ ಸಿ.ಡಿ. ಪೆಟ್ಟಿಗೆಗಳ ಸುದ್ದಿಯನ್ನೇ ಎತ್ತುವುದು ಬೇಡ.

ಮಾರುಕಟ್ಟೆ ಮೂವತ್ತು ವರ್ಷ ಮುಂದಕ್ಕೆ ಹೋಗಿ ಹೇಳಿಬರುವುದಿಲ್ಲ. ಮೂವತ್ತು ಯಾಕೆ, ಒಂದು ವರ್ಷವೂ ಬೇಡ. 2013ರ ಜಿಟಿ3 ಮಾದರಿಯಲ್ಲಿ ಪೋರ್ಷೆ ಮ್ಯಾನುಯಲ್ ಗೇರ್‌ಬಾಕ್ಸನ್ನೇ ಕೊಡಲಿಲ್ಲ. 2016ರಲ್ಲಿ ಮ್ಯಾನುಯಲ್ ಮಾತ್ರ ಇರುವ 911 ಆರ್ ಎಂಬ ಮಾದರಿಯ ಕಾರುಗಳನ್ನು ಒಟ್ಟು 991 ಮಾತ್ರ ಮಾಡಿತು. ಶೋರೂಮ್ ಬೆಲೆಯ ಹಲವು ಪಟ್ಟು ಕೊಟ್ಟು ಜನ ಮುಗಿಬಿದ್ದರು. ಇನ್ನು ಬೆಲೆ ಇಳಿಯುವ ಮಾತೇ ಇಲ್ಲ ಎಂದು ಕೊಂಡವರು ಎದೆ ಉಬ್ಬಿಸಿದ್ದರು. ಮರುವರ್ಷವೇ ಕಂಪನಿ ಸಾಮಾನ್ಯ ಜಿಟಿ3ಗೂ ಮ್ಯಾನುಯಲ್ ಕೊಟ್ಟಿತು. ಅದರ ಹಿಂದೆಯೇ ದೊಡ್ಡ ರೆಕ್ಕೆ ತೆಗೆದ ಟೂರಿಂಗ್ ಪ್ಯಾಕೇಜ್ ಕೂಡ ಬಂತು. 911 ಆರ್‌ನ ಬೆಲೆ ಕೆಳಗಿಳಿಯಿತು. ಅಪರೂಪ ಎನ್ನುವುದನ್ನು ತಯಾರಿಸುವ ಕಾರ್ಖಾನೆಗೆ ಅದನ್ನು ಮುರಿಯುವ ಅಧಿಕಾರವೂ ಇದೆ ಎಂಬುದನ್ನು ಲೆಕ್ಕದವರು ಮರೆತಿದ್ದರು.

996 ಮಾದರಿಯ ದೀಪಗಳ ಆಕಾರಕ್ಕೆ ಮೂಗು ಮುರಿದವರು ಅದನ್ನು ಬಹಳ ವರ್ಷ ಅತ್ಯಂತ ಅಗ್ಗದ 911 ಆಗಿ ಉಳಿಸಿದರು. ಆ ಅಗ್ಗದ ಕಾಲದಲ್ಲಿ ಕೊಂಡು, ಮನಸಾರೆ ಓಡಿಸಿದವರೇ ಗೆದ್ದವರು. ಅವರು ಯಾವ ಪಟ್ಟಿಯನ್ನೂ ನೋಡಿರಲಿಲ್ಲ.

ಸುಪ್ರಾದ ಉದಾಹರಣೆಯನ್ನು ಎದುರು ಪಕ್ಷ ಬಹಳ ಹೆಮ್ಮೆಯಿಂದ ಕೊಡುತ್ತದೆ. ಅದನ್ನು ಸ್ವಲ್ಪ ತಿರುಗಿಸಿ ನೋಡೋಣ. ಆ ಕಾರಿನ 2ಜೆಝಡ್ ಎಂಜಿನ್ ಲೋಕಪ್ರಸಿದ್ಧವಾದದ್ದು ಹೇಗೆ? ಕಾರ್ಖಾನೆ ಕೊಟ್ಟ ಶಕ್ತಿಯಿಂದಲೇ ಏನೂ ಆಗಲಿಲ್ಲ. ದೊಡ್ಡ ಟರ್ಬೊ ಕೂರಿಸಿ, ಎರಕಹೊಯ್ದ ಕಬ್ಬಿಣದ ಆ ಬ್ಲಾಕಿನಿಂದ ಸಾವಿರ ಅಶ್ವಶಕ್ತಿ ತೆಗೆದು ತೋರಿಸಿದ ಗ್ಯಾರೇಜಿನವರು ಅದಕ್ಕೆ ಹೆಸರು ತಂದರು. ಅವರೆಲ್ಲರೂ ಮರುಮಾರಾಟಕ್ಕೆ ಹೆದರಿ ಕಾರಿಗೆ ಹೊದಿಕೆ ಹೊದಿಸಿ ಕೂತಿದ್ದರೆ, ಇಂದು ಆ ಮುಟ್ಟದ ಸುಪ್ರಾವನ್ನು ಕೇಳುವವರು ಯಾರಿರುತ್ತಿದ್ದರು? ಮೂಲರೂಪ ಉಳಿಸಿಕೊಂಡವರು ಉಣ್ಣುತ್ತಿರುವುದು ಬಿಚ್ಚಿ ಕಟ್ಟಿದವರು ಬೆಳೆದ ಬೆಳೆಯನ್ನು.

ಪೋರ್ಷೆಯ ಲೋಕದಲ್ಲೂ ಕಥೆ ಇದೇ. ಜರ್ಮನಿಯ ರೂಫ್ ಸಂಸ್ಥೆ 1987ರಲ್ಲಿ ಕಟ್ಟಿದ ಹಳದಿ ಸಿಟಿಆರ್, ಕಾರ್ಖಾನೆಯ 911ಕ್ಕಿಂತ ಬಹಳ ಮುಂದೆ ಹೋಗಿ ಗಂಟೆಗೆ 340 ಕಿ.ಮೀ. ದಾಟಿತು, ಇಂದು ಅದರ ಬೆಲೆಯ ಹತ್ತಿರ ಹೋಗುವುದು ಸಾಮಾನ್ಯರ ಮಾತಲ್ಲ. ಕ್ಯಾಲಿಫೋರ್ನಿಯಾದ ಸಿಂಗರ್ ಸಂಸ್ಥೆ ಹಳೆಯ 964ಗಳನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತದೆ, ಆ ಕೆಲಸಕ್ಕೆ ಮೂಲ ಕಾರಿನ ಬೆಲೆಯ ಎಷ್ಟೋ ಪಟ್ಟು ಹಣ ಪಡೆಯುತ್ತದೆ. ಕೈ ಹಾಕಿದರೆ ಬೆಲೆ ಹೋಯಿತು ಎನ್ನುವವರು ಇವರ ಹೆಸರು ಬಂದಾಗ ‘ಅದು ಬೇರೆ’ ಎನ್ನುತ್ತಾರೆ. ನಿಜ, ಬೇರೆಯೇ. ಮೊದಲ ಕಾರು ಕಟ್ಟಿದ ದಿನ ಮಾತ್ರ ಬೇರೆಯಾಗಿರಲಿಲ್ಲ.

ಸೆರಾಮಿಕ್ ಬ್ರೇಕಿನ ಕಥೆ ಇನ್ನೂ ಸ್ವಾರಸ್ಯ. ಸಂಕೇತ 450, ಹಳದಿ ಕ್ಯಾಲಿಪರ್, ಕೊಳ್ಳುವಾಗ ಲಕ್ಷಗಳ ಮಾತು. ಅದರ ಡಿಸ್ಕ್ ಸವೆದಿದೆಯೇ ಎಂದು ತಿಳಿಯಲು ತೂಕಕ್ಕೆ ಇಡಬೇಕು. ಇಷ್ಟಕ್ಕಿಂತ ಹಗುರವಾದರೆ ಎಸೆಯಿರಿ ಎಂಬ ಕನಿಷ್ಠ ತೂಕವನ್ನು ಡಿಸ್ಕಿನ ಮೇಲೆಯೇ ಬರೆದಿರುತ್ತಾರೆ. ಚಕ್ರ ಬಿಚ್ಚುವ ಹುಡುಗ ಅಲಕ್ಷ್ಯದಿಂದ ಚಕ್ರವನ್ನು ಡಿಸ್ಕಿಗೆ ತಾಗಿಸಿದರೆ ಅಂಚು ಸಿಡಿಯುತ್ತದೆ. ಹೊಸ ಡಿಸ್ಕುಗಳ ಬೆಲೆ ಕೇಳಿದವರು ಕುರ್ಚಿ ಹುಡುಕುತ್ತಾರೆ. ಆದ್ದರಿಂದ ಟ್ರ್ಯಾಕಿಗೆ ಆಗಾಗ ಹೋಗುವ ಎಷ್ಟೋ ಮಾಲೀಕರು ಈ ಡಿಸ್ಕುಗಳನ್ನು ಬಿಚ್ಚಿ, ಬಟ್ಟೆ ಸುತ್ತಿ, ಪೆಟ್ಟಿಗೆಯಲ್ಲಿ ಇಟ್ಟು, ಕಬ್ಬಿಣದ ಡಿಸ್ಕು ಹಾಕಿಕೊಂಡು ಓಡಿಸುತ್ತಾರೆ. ಮಾರುವಾಗ ಮತ್ತೆ ಸೆರಾಮಿಕ್ ಕೂರಿಸುತ್ತಾರೆ. ವೇಗದಲ್ಲಿ ಬ್ರೇಕ್ ಒತ್ತಲೆಂದು ಕೊಂಡ ವಸ್ತು ಬ್ರೇಕ್ ಒತ್ತುವ ದಿನವೆಲ್ಲ ಅಟ್ಟದ ಮೇಲೆ! ಬೆಲೆ ಉಳಿಯಿತು ಎನ್ನುವುದಾದರೆ ಹೌದು, ಉಳಿಯಿತು.

ಕಾರನ್ನು ನಿಜವಾಗಿ ಬದಲಿಸುವ ಖರ್ಚುಗಳಿಗೆ ಮರುಮಾರಾಟದಲ್ಲಿ ಸೊನ್ನೆ. ಟೈರ್ ತೆಗೆದುಕೊಳ್ಳಿ. ಅದರ ಪಕ್ಕೆಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿಗಳು ಆಳವಾಗಿ ಕಂಡರೂ ಅಷ್ಟು ಹಳೆಯ ರಬ್ಬರು ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲ್ ತೆಗೆದುಕೊಳ್ಳಿ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಗಾಳಿಯ ತೇವ ಹೀರಿದ ಹಳೆಯ ಆಯಿಲ್‌ಗೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಪೆಡಲ್ ಸ್ಪಂಜಿನಂತಾಗಿ ಕಾಲು ನೆಲ ಮುಟ್ಟುವುದು ಆಯಿಲ್ ಕುದಿದಾಗ. ಒಳ್ಳೆಯ ಪ್ಯಾಡ್, ಹೊಸ ಆಯಿಲ್, ತಾಜಾ ಟೈರ್, ಸರಿಯಾದ ವೀಲ್ ಅಲೈನ್‌ಮೆಂಟ್ ಇಷ್ಟಾದರೆ ಹತ್ತು ವರ್ಷದ ಎಂಎಕ್ಸ್-5 ಹೊಸ ಹುರುಪಿನಿಂದ ತಿರುವು ತೆಗೆದುಕೊಳ್ಳುತ್ತದೆ. ಮಾರುವಾಗ ಈ ಬಿಲ್‌ಗಳನ್ನು ತೋರಿಸಿದರೆ ಗಿರಾಕಿ ತಲೆಯಾಡಿಸುತ್ತಾನೆ, ಅಷ್ಟೇ. ಬೆಲೆಯನ್ನೇ ಅಳತೆಗೋಲು ಮಾಡಿಕೊಂಡವನು ಹಗುರ ಸೀಟಿಗೆ ಲಕ್ಷ ಕೊಟ್ಟು, ಟೈರನ್ನು ಇನ್ನೊಂದು ವರ್ಷ ತಳ್ಳೋಣ ಎಂದುಕೊಳ್ಳುತ್ತಾನೆ. ನನ್ನ ಮುಖ್ಯ ತಕರಾರು ಇದೇ. ನಿಂತ ಕಾರಿನ ಬೆಲೆ ಹೆಚ್ಚುತ್ತದೆ ಎಂಬ ನಂಬಿಕೆಯಿಂದ ಓಡಿಸದೆ ಇಟ್ಟವರ ಕಾರಿನಲ್ಲಿ ಸೀಲುಗಳು ಒಣಗಿ ಆಯಿಲ್ ಸೋರತೊಡಗುವುದೂ ಇದೇ ಲೆಕ್ಕಾಚಾರದ ಫಲ.

ಇನ್ನು ನಮ್ಮ ಕಾನೂನಿನ ಮಾತು. ಸೈಲೆನ್ಸರ್ ಬದಲಿಸುವಂತಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಅರ್ಧರಾತ್ರಿಯಲ್ಲಿ ಗುಡುಗಿ ಊರನ್ನೆಬ್ಬಿಸುವವರ ಪರ ವಕಾಲತ್ತು ನನಗೆ ಬೇಡ. ಆದರೆ ತನ್ನ ಕೈಯನ್ನು ಪಳಗಿಸಿಕೊಳ್ಳಲು ಆರ್‌ಟಿಒ ಅನುಮತಿ ಬೇಕಿಲ್ಲ. ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದರೆ ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ, ಕೊಯಮತ್ತೂರಿನ ಕಡೆ ಹೋದರೆ ಕರಿ ಸ್ಪೀಡ್‌ವೇ ಇದೆ. ಬಲ್ಲವರೊಬ್ಬರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಅಲ್ಲಿ ಕಲಿತದ್ದನ್ನು ಕಾರಿನ ಜೊತೆ ಮಾರಲು ಬರುವುದಿಲ್ಲ. ಮುಂದಿನ ಕಾರಿಗೆ ಮಾತ್ರ ಅದನ್ನು ಮತ್ತೆ ದುಡ್ಡು ಕೊಟ್ಟು ಹಾಕಿಸಬೇಕಾಗಿಲ್ಲ.