ಬೂದುಗುಂಬಳದಿಂದ ಹೈಡ್ರೋಜನ್

2025ರಲ್ಲಿ, ರಸ್ತೆಗೆ ಕಸ ಎಸೆದವರ ಮನೆ ಮುಂದೆಯೇ ಕಸ ತಂದು ಸುರಿದು ಅದಕ್ಕೆ ಹಬ್ಬ ಅಂತ ಹೆಸರಿಟ್ಟ ಊರು ನಮ್ಮ ಬೆಂಗಳೂರು. ಆ ಹಬ್ಬ ಮುಗಿದರೂ ಕಸ ಮುಗಿಯಲಿಲ್ಲ, ಅಲ್ವಾ? ಹಾಗಾಗಿ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನ ಇಂಜಿನಿಯರುಗಳು ಹೊಸ ಪರಿಹಾರ ಹುಡುಕಿದ್ದಾರೆ. ಹಸಿ ಕಸ ಒಣಗಿಸೋದೇ ಬೇಡವಂತೆ. ನೀರನ್ನು 374 ಡಿಗ್ರಿ ದಾಟಿಸಿ, ಗಾಳಿಯ ಒತ್ತಡದ ಸುಮಾರು 220 ಪಟ್ಟು ಒತ್ತಡ ಕೊಟ್ಟರೆ ಅದು ಸೂಪರ್‌ಕ್ರಿಟಿಕಲ್ ಆಗುತ್ತದೆ, ಅಂದರೆ ಅತ್ತ ದ್ರವವೂ ಅಲ್ಲ, ಇತ್ತ ಆವಿಯೂ ಅಲ್ಲ. ಇನ್ನೂ ಕಾಯಿಸಿ, 600 ಡಿಗ್ರಿಯ ಹತ್ತಿರ ಹೋದರೆ ಅದರೊಳಗಿನ ಕಸ ನಿಮಿಷಗಳಲ್ಲಿ ಹೈಡ್ರೋಜನ್, ಮೀಥೇನ್, ಇಂಗಾಲದ ಡೈಆಕ್ಸೈಡ್ ಆಗಿಬಿಡುತ್ತದೆ.

ಒಳ್ಳೆ ವಿಜ್ಞಾನ, ಸುಳ್ಳಲ್ಲ. ನಮ್ಮ ಮನೆ ಕುಕ್ಕರ್ 120 ಡಿಗ್ರಿಗೇ ಸುಸ್ತಾಗಿ ಸೀಟಿ ಹೊಡೆಯುತ್ತದೆ, ಅದು ಬೇರೆ ಮಾತು.

ಆಯುಧಪೂಜೆ ಮಾರನೇ ದಿನ ಕೆ.ಆರ್. ಮಾರ್ಕೆಟ್ ಕಡೆ ಹೋಗಿ ನೋಡಿ. ಬಾಳೆಕಂಬ, ಮಾವಿನ ಸೊಪ್ಪು, ಬಾಡಿದ ಸೇವಂತಿಗೆ ಮೊಣಕಾಲುದ್ದ ಬಿದ್ದಿರುತ್ತದೆ. ಸರ್ಕಲ್ಲಿನಲ್ಲಿ ಒಡೆದ ಬೂದುಗುಂಬಳ, ಅದರ ಹೊಟ್ಟೆಯಲ್ಲಿ ಕುಂಕುಮ, ಒಂದು ರೂಪಾಯಿ ನಾಣ್ಯ. ಬೂದುಗುಂಬಳ ಅಂದರೆ ಬಹುಪಾಲು ನೀರೇ, ಈ ಯಂತ್ರಕ್ಕೆ ಹಬ್ಬದೂಟ. ಆದರೆ ಎಲ್ಲವನ್ನೂ ನುಣ್ಣಗೆ ರುಬ್ಬಿ, ಆ ಒತ್ತಡದಲ್ಲಿ ಪಂಪ್ ಮಾಡಬೇಕು. ನಾಣ್ಯ ಆರಿಸೋರು ಯಾರು?

ಇನ್ನು ಉಪ್ಪು. ಸೂಪರ್‌ಕ್ರಿಟಿಕಲ್ ನೀರಿನಲ್ಲಿ ಉಪ್ಪು ಹೆಚ್ಚೂಕಮ್ಮಿ ಕರಗೋದೇ ಇಲ್ಲ, ಕೆಳಗೆ ಕೂತು ಪೈಪು ಕಟ್ಟಿಕೊಳ್ಳುವಂತೆ ಮಾಡುತ್ತದೆ, ಲೋಹವನ್ನೂ ತಿನ್ನುತ್ತದೆ. ಈ ತಂತ್ರಜ್ಞಾನಕ್ಕೆ ದಶಕಗಳಿಂದ ತಲೆನೋವಾಗಿರೋದು ಇದೇ. ಮದುವೆ ಛತ್ರದ ಸಾಂಬಾರು, ಎಲೆ ತುದಿಯಲ್ಲಿ ಯಾರೂ ಮುಟ್ಟದ ಉಪ್ಪಿನಕಾಯಿ, ದರ್ಶಿನಿಯ ಉಳಿದ ಚಟ್ನಿ: ಇದೆಲ್ಲ ಸೇರಿದರೆ ಎಂಥಾ ರಿಯಾಕ್ಟರ್ ಆದರೂ ಒಂದೇ ವಾರಕ್ಕೆ ರಜೆ ಹಾಕುತ್ತದೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಕಟ್ಟಿದ ಪ್ರಾಯೋಗಿಕ ಘಟಕದ ಸಾಮರ್ಥ್ಯ ಗಂಟೆಗೆ 100 ಕಿಲೋ. ನಮ್ಮೂರಿನ ಕಸ ದಿನಕ್ಕೆ ಸಾವಿರಾರು ಟನ್. ಪರವಾಗಿಲ್ಲ, ಅಧ್ಯಯನ ಪ್ರವಾಸಕ್ಕೆ ಜರ್ಮನಿ ಚೆನ್ನಾಗಿಯೇ ಇರುತ್ತದೆ.

ಸುಮ್ನೆ ತಮಾಷೆ ಮಾಡ್ತಿದ್ದೀನಿ ಅಂದುಕೋಬೇಡಿ. ಇದೇ ಹಸಿ ಕಸ ಕೊಳೆಸಿ ಬಯೋಗ್ಯಾಸ್ ಮಾಡೋಕೆ ಬೇಕಾಗಿರೋದು 35 ಡಿಗ್ರಿ ಅಷ್ಟೇ, ನಮ್ಮ ಏಪ್ರಿಲ್ ಮಧ್ಯಾಹ್ನದ ಬಿಸಿಲು. ವಾರ್ಡುಗಳಲ್ಲಿ ಅಂಥ ಘಟಕ ಕಟ್ಟಿದರು, ರಿಬ್ಬನ್ ಕತ್ತರಿಸಿದರು, ಆಮೇಲೆ ಎಷ್ಟೋ ಘಟಕಗಳು ತುಕ್ಕು ಹಿಡಿದವು. ಯಾಕೆ? ಹಸಿ ಕಸದ ಜೊತೆ ಪ್ಲಾಸ್ಟಿಕ್, ಡೈಪರ್ ಬಂತು. ಕಸ ಬೇರೆ ಮಾಡಿ ಅಂತ 2012ರಿಂದ ಹೇಳ್ತಾನೇ ಇದ್ದಾರೆ. ನಾವು ಕಸ ಸುರಿಯುತ್ತಿದ್ದ ಊರಾಚೆಯ ಹಳ್ಳಿ ಮಂಡೂರಿನವರು ಅದರ ನಾತ ವರ್ಷಗಟ್ಟಲೆ ಕುಡಿದು, ಬೀದಿಗಿಳಿದು ಕೂಗಿದ ಮೇಲೆ 2014ರ ಡಿಸೆಂಬರಿಗೆ ಅಲ್ಲಿಗೆ ಹೋಗುವ ಕಸದ ಲಾರಿಗಳು ನಿಂತವು. ಆ ಲಾರಿಗಳು ಆಮೇಲೆ ಬೇರೆ ಊರಿನ ದಾರಿ ಹಿಡಿದವು. 374 ಡಿಗ್ರಿಯ ಮಾತಾಡೋರು ಮನೆಯಲ್ಲಿ ಎರಡು ಬಕೆಟ್ ಇಡಲ್ಲ. ಅವರು ಸುತ್ತಿ ಎಸೆದ ಡೈಪರನ್ನು ಅನ್ನದ ಮಧ್ಯದಿಂದ ಪೌರಕಾರ್ಮಿಕ ಹೆಂಗಸು ಬರಿಗೈಯಲ್ಲಿ ಎತ್ತುತ್ತಾಳೆ. ಅವಳಿಗೆ ಒಂದು ಜೊತೆ ಗ್ಲೌಸ್ ಕೊಡಿ ಸ್ವಾಮಿ. ಹೈಡ್ರೋಜನ್ ಆಮೇಲೆ ನೋಡೋಣ.