ಜನ ಸಹಕರಿಸುತ್ತಿಲ್ಲ, ಸ್ವಾಮಿ!

ಕೊರೊನಾ ಕಾಲದಲ್ಲಿ ಮೈಕ್ ಸಿಕ್ಕ ಮಂತ್ರಿಗಳೆಲ್ಲ ಜನರ ಸಹಕಾರ ಕೇಳುತ್ತಿದ್ದರು. ಪಾಪ, ಜನ ಯಾವಾಗ ಇಲ್ಲ ಅಂದರು? 2020ರ ಮಾರ್ಚ್ 22ರಂದು ಮನೆಯಲ್ಲೇ ಇರಿ, ಸಂಜೆ ಐದಕ್ಕೆ ಚಪ್ಪಾಳೆ ತಟ್ಟಿ ಅಂದರು. ಕೆಲವು ಕಡೆ ಜನ ತಟ್ಟೆ, ಜಾಗಟೆ ಹಿಡಿದು ಗುಂಪಾಗಿ ಬೀದಿಗೇ ಇಳಿದರು. ಸಹಕಾರ ಸ್ವಲ್ಪ ಜಾಸ್ತಿಯೇ ಆಯಿತು.

ಮೇ 4ರಂದು ಮದ್ಯದಂಗಡಿ ತೆರೆದಾಗ ನೋಡಬೇಕಿತ್ತು ಶಿಸ್ತು. ಬಾಗಿಲು ತೆಗೆಯುವ ಮೊದಲೇ ಉದ್ದ ಕ್ಯೂ. ಕೆಲವರು ಅಂಗಡಿಗೆ ಪೂಜೆ ಮಾಡಿ ಕಾಯಿ ಒಡೆದರು. ಮರುದಿನ ಒಂದೇ ದಿನಕ್ಕೆ ರಾಜ್ಯದಲ್ಲಿ 197 ಕೋಟಿ ರೂಪಾಯಿ ವ್ಯಾಪಾರ. ಆರೋಗ್ಯ ಇಲಾಖೆಯ ಯಾವ ಜಾಗೃತಿ ಅಭಿಯಾನಕ್ಕೆ ಇಂಥ ಸ್ಪಂದನೆ ಸಿಕ್ಕಿತ್ತು ಹೇಳಿ?

ಸಹಕರಿಸದೇ ಇದ್ದದ್ದು ಆದೇಶಗಳೇ. ಆ ಡಿಸೆಂಬರಿನ ರಾತ್ರಿ ಕರ್ಫ್ಯೂ ನೆನಪಿದೆ ಅಲ್ವಾ? 23ರಂದು, ಇವತ್ತು ರಾತ್ರಿ ಹತ್ತರಿಂದಲೇ ಶುರು ಅಂದರು. ಆಮೇಲೆ, ಇವತ್ತಲ್ಲ, ನಾಳೆ ಹನ್ನೊಂದರಿಂದ ಅಂದರು. ಬಸ್ಸು, ಆಟೊ ಓಡಾಡಬಹುದು, ಪಾಸ್ ಬೇಡ, ಕ್ರಿಸ್‌ಮಸ್ ಪ್ರಾರ್ಥನೆಗೂ ಅಡ್ಡಿಯಿಲ್ಲ. ಹಾಗಾದರೆ ನಿಲ್ಲಿಸುವುದು ಯಾರನ್ನು? ನಾಯಿಗಳನ್ನಾ? ಆ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ, 24ರ ಸಂಜೆ, ಆದೇಶ ವಾಪಸ್. ಹುಟ್ಟದೇ ತೀರಿಕೊಂಡ ಕರ್ಫ್ಯೂ. ತಿಥಿ ಮಾಡುವುದು ಯಾವ ದಿನ ಅಂತಲೂ ಗೊತ್ತಾಗಲಿಲ್ಲ.

2021ರಲ್ಲಿ ಬೆಳಗಾವಿ, ಮಸ್ಕಿ, ಬಸವಕಲ್ಯಾಣದ ಉಪಚುನಾವಣೆ ಭಾಷಣಗಳೆಲ್ಲ ಮುಗಿದು, ಏಪ್ರಿಲ್ 17ಕ್ಕೆ ಮತದಾನವೂ ಆಯಿತು. ಹತ್ತೇ ದಿನಕ್ಕೆ ರಾಜ್ಯಕ್ಕೆ ಬೀಗ. ಕಟ್ಟಡ ಕೆಲಸ ನಡೆಯಬಹುದು, ಬಸ್ಸು ಮಾತ್ರ ಇಲ್ಲ. ಗಾರೆಯವರು ಹಾರಿಕೊಂಡು ಬರಲಿ ಅಂತಲೋ ಏನೋ.

ಅಂಗಡಿಗೆ ಬೆಳಿಗ್ಗೆ ಆರರಿಂದ ಹತ್ತು. ಇದಂತೂ ಸುಮ್ನೆ ಹೊಳೆಯುವ ಐಡಿಯಾ ಅಲ್ಲ. ಜನ ಗುಂಪು ಸೇರಬಾರದು, ಅದಕ್ಕೇ ದಿನವಿಡೀ ಹಂಚಿಹೋಗುತ್ತಿದ್ದ ಜನರನ್ನೆಲ್ಲ ನಾಲ್ಕು ಗಂಟೆಯೊಳಗೆ ತುರುಕಿದರು. ಹಾಲು, ಸೊಪ್ಪು, ಮಟನ್ ಎಲ್ಲ ಅದೇ ಹೊತ್ತಿಗೆ. ಪಾರ್ಸೆಲ್ ಬಾಟ್ಲಿಯೂ ಅದೇ ಹೊತ್ತಿಗೆ. ಕಾಫಿಗೂ ಮೊದಲು ಬಾರಿನ ಮುಂದೆ ನಿಲ್ಲುವ ಯೋಗ ಕುಡುಕರಿಗೆ ಸರ್ಕಾರವೇ ಕರುಣಿಸಿತು. ಒಂಬತ್ತೂ ಮುಕ್ಕಾಲಿಗೆ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಹತ್ತಕ್ಕೆ ಪೊಲೀಸ್ ಸೀಟಿ. ಹತ್ತೂ ಐದಕ್ಕೆ ಕೊತ್ತಂಬರಿ ಕಟ್ಟಿನ ಜೊತೆ ಸಿಕ್ಕಿಬಿದ್ದವರಿಗೆ ಬಸ್ಕಿ. ಅಂತರ ಕಾಪಾಡದ ತಪ್ಪಿಗೆ ಎಲ್ಲರನ್ನೂ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. ಫೋಟೊದಲ್ಲಿ ಎಲ್ಲರೂ ಬರಬೇಕಲ್ಲ!